ಮೇಲಿನ ನಾಲ್ಕು ಮೂಲೆ

ಶಾಲೆಯ ಪೋಷಕರ ಸಭೆಗೆ ಹೋಗಲು ನಂಜುಂಡನಿಗೆ ಮನಸ್ಸಿರಲಿಲ್ಲ. ಅವನ ಹೆಂಡತಿ ಗಂಗಾಮಣಿಗೂ ಇರಲಿಲ್ಲ. ಆದರೆ ಅವಳು ಬೆಳಿಗ್ಗೆಯಿಂದ ಹೊಸ ಮನೆಯ ನೆಲಕ್ಕೆ ಅಂಟಿದ ಸಿಮೆಂಟನ್ನು ಹಳೇ ಬ್ಲೇಡಿನಲ್ಲಿ ಕೆರೆಯುತ್ತ ಕೂತಿದ್ದಳು, ಅವನು ಸುಮ್ಮನೆ ಕೂತಿದ್ದ. ಯಾರು ಹೋಗಬೇಕೆಂದು ಚರ್ಚೆಯೇನೂ ನಡೆಯಲಿಲ್ಲ. ಅವಳು ಒಂದು ಸಲ ಕತ್ತೆತ್ತಿ ನೋಡಿದಳು; ಅವನು ಎದ್ದು ಅಂಗಿ ಹಾಕಿಕೊಂಡ.

ಪಾಪ, ಅವನಿಗೂ ಸುಸ್ತಾಗಿತ್ತು. ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಅವನು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಾಯಂಕಾಲ ಅವರು ಮಾಡಿದ ಕೆಲಸ ಬರೆಯುವುದು, ಉಳಿದ ಹೊತ್ತಿನಲ್ಲಿ ಆಲೂರು ರಸ್ತೆಯ ಪಕ್ಕದ ತನ್ನ ಊರಿನಲ್ಲಿ ಮನೆ ಕಟ್ಟಿಸುವುದು. ಕಟ್ಟಿಸಲು ಶುರು ಮಾಡಿ ಎರಡು ವರ್ಷವಾಗಿತ್ತು. ಅಂದಿನಿಂದ ಗಂಡ, ಹೆಂಡತಿ, ಮಗಳು ಗಗನಾ ಮೂವರೂ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಶೆಡ್ಡಿನ ಒಲೆಯ ಮುಂದೆ ಗಂಗಾಮಣಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಬಗ್ಗಿ ಬಗ್ಗಿ ಅವಳ ಸೊಂಟ ಹಾಗೇ ನಿಂತುಬಿಟ್ಟಿತ್ತು. ಈಗ ಕೊನೆಗೂ ಮನೆ ಮುಗಿದು, ಬರುವ ಸೋಮವಾರ ಗೃಹಪ್ರವೇಶಕ್ಕೆ ಮುಹೂರ್ತ ಸಿಕ್ಕಿತ್ತು. ಅದು ತಪ್ಪಿದರೆ ಆಷಾಢ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ.

"ಸೋಮವಾರ ನಾನು ಆ ಅಡುಗೆಮನೇಲಿ ನಿಂತ್ಕಂಡು ಹಾಲು ಉಕ್ಕಿಸ್ಬೇಕು," ಎಂದು ಗಂಗಾಮಣಿ ಹೇಳಿದ್ದಳು. "ಇಲ್ದಿದ್ರೆ ಈ ಶೆಡ್ಡಲ್ಲಿ ನೀವೇ ಒಲೆ ಹಚ್ಕಳಿ. ನಾನು ನಮ್ಮವ್ವನ ಮನೆಗೆ ಹೋಯ್ತೀನಿ."

ಅವಳು ಇದನ್ನು ಕೋಪದಿಂದ ಹೇಳಿರಲಿಲ್ಲ. ಕೋಪಿಸಿಕೊಳ್ಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅದಕ್ಕೇ ನಂಜುಂಡನಿಗೆ ಹೆಚ್ಚು ಹೆದರಿಕೆಯಾಗಿತ್ತು.

ಶಾಲೆಯಲ್ಲಿ ಶ್ವೇತಾ ಮೇಡಂ ಆರನೇ ತರಗತಿಯ ಮಕ್ಕಳನ್ನು ಒಂದು ಕಡೆ, ಅಪ್ಪ ಅಮ್ಮಂದಿರನ್ನು ಇನ್ನೊಂದು ಕಡೆ ಕೂರಿಸಿದ್ದರು. ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವುದು ಎಷ್ಟು ಸುಲಭ ಎಂದು ತೋರಿಸುವುದು ಅವರ ಉದ್ದೇಶ. ಹೊಸದಾಗಿ ಬಂದ ಮೇಡಂ, ಇನ್ನೂ ಹುರುಪಿತ್ತು.

"ಈ ಕೋಣೆಗೆ ಎಷ್ಟು ಮೂಲೆ ಇವೆ? ಯಾರಾದರೂ ಪೋಷಕರು ಹೇಳಿ ನೋಡೋಣ."

ಪೋಷಕರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಂಜುಂಡ ಮಾತ್ರ ನೋಡಿಕೊಳ್ಳಲಿಲ್ಲ. ಎರಡು ವರ್ಷದಿಂದ ಗಾರೆಯವನ ಹಿಂದೆ ಓಡಾಡಿದವನು ಅವನು. ಮೂಲೆಯ ವಿಷಯ ತನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಹಾಜರಿ ಕೂಗುವ ಗಂಟಲಿನಲ್ಲಿ, "ನಾಲ್ಕು ಮೇಡಂ! ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ!" ಎಂದ.

ಇಡೀ ಆರನೇ ತರಗತಿ ಗೊಳ್ಳೆಂದು ನಕ್ಕಿತು. ಗಗನಾ ಒಬ್ಬಳೇ ನಗಲಿಲ್ಲ. ಅವಳು ಹಣೆಯನ್ನು ಡೆಸ್ಕಿಗೆ ಹಚ್ಚಿಕೊಂಡು, ಈ ಮನುಷ್ಯ ತನಗೆ ಏನೂ ಆಗಬೇಕಿಲ್ಲ ಎಂಬಂತೆ ಕೂತುಬಿಟ್ಟಳು.

"ನೆಲದಲ್ಲಿ ನಾಲ್ಕು ಸರಿ ಸರ್," ಎಂದರು ಮೇಡಂ ಮೆತ್ತಗೆ, ಸೀಮೆಸುಣ್ಣದ ಡಬ್ಬಿಯನ್ನು ಎತ್ತಿ ತೋರಿಸುತ್ತ. "ಮೇಲೆ, ಚಾವಣಿ ಹತ್ತಿರ ಇನ್ನೂ ನಾಲ್ಕು ಇವೆ. ಗಣಿತದಲ್ಲಿ ಇವಕ್ಕೆ ಶೃಂಗ ಅಂತೀವಿ. ಎಂಟು ಶೃಂಗ, ಹನ್ನೆರಡು ಅಂಚು, ಆರು ಮುಖ. ಇದು ಆಯತಘನ."

ನಂಜುಂಡ ಕತ್ತೆತ್ತಿ ನೋಡಿದ. ನಿಜ, ಇದ್ದವು. ಒಂದರಲ್ಲಿ ಜೇಡರ ಬಲೆಯೂ ಇತ್ತು. ಹುಟ್ಟಿದಾಗಿನಿಂದ ಕೋಣೆಗಳಲ್ಲೇ ಮಲಗಿ, ರಾತ್ರಿಯೆಲ್ಲ ಮೇಲೆ ನೋಡುತ್ತ ಮನೆಯ ಚಿಂತೆ ಮಾಡಿದವನಿಗೆ ಅವು ಒಮ್ಮೆಯೂ ಕಂಡಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಅವಮಾನ ಎನ್ನುವುದು ಶಾಲೆಯಿಂದ ರಸ್ತೆ ಕೂಡುವ ಕೈಮರದವರೆಗೆ ನಡೆಯುವಷ್ಟರಲ್ಲಿ ಜ್ಞಾನವಾಗಿ ಮಾರ್ಪಡುತ್ತದೆ. ಅಲ್ಲಿನ ಲಿಂಗಪ್ಪನ ಹೋಟೆಲ್ ತಲುಪುವ ಹೊತ್ತಿಗೆ, ಎಂಟು ಮೂಲೆಗಳನ್ನು ಕಂಡುಹಿಡಿದವನು ತಾನೇ ಎಂಬಷ್ಟು ಧೈರ್ಯ ನಂಜುಂಡನಿಗೆ ಬಂದಿತ್ತು. ಅವನು ಟೀಗೆ ಹೇಳಿ, ಮೇಜಿನ ಮೇಲಿದ್ದ ಬೆಂಕಿಪೊಟ್ಟಣವನ್ನು ಮೇಡಂ ಹಿಡಿದಂತೆಯೇ ಎತ್ತಿ ಹಿಡಿದ.

"ಶಾಂತಮಲ್ಲಪ್ಪಣ್ಣ, ಒಂದು ಮನೆಗೆ ಎಷ್ಟು ಮೂಲೆ ಹೇಳಿ?"

ಶಾಂತಮಲ್ಲಪ್ಪ ಪಕ್ಕದ ಮನೆಯವನು. ಒಂದಿಷ್ಟು ಕಾಫಿ, ಒಂದು ಹಳೇ ಜೀಪು, ಮದುವೆಗೆ ಬಂದ ಮಗಳು ರಶ್ಮಿತಾ, ಇವು ಅವನ ಆಸ್ತಿ. "ನಾಲ್ಕು ಕಣಪ್ಪ. ಇನ್ನೆಷ್ಟಿರ್ತವೆ?" ಎಂದ.

ನಂಜುಂಡ ಆರನೇ ತರಗತಿಯಂತೆಯೇ ಗೊಳ್ಳೆಂದು ನಕ್ಕ. ಆಮೇಲೆ ಬೆಂಕಿಪೊಟ್ಟಣದ ಎಂಟೂ ಮೂಲೆಗಳನ್ನು ಮುಟ್ಟಿ ತೋರಿಸಿದ. ಲಿಂಗಪ್ಪ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದ. ಎಲ್ಲರೂ ಹೋಟೆಲಿನ ಚಾವಣಿ ನೋಡಿದರು.

"ಹಂಗಾದ್ರೆ ರೈಟ್ರೇ," ಎಂದ ಶಾಂತಮಲ್ಲಪ್ಪ ನಿಧಾನವಾಗಿ, "ಗೃಹಪ್ರವೇಶದಲ್ಲಿ ನಮ್ಮ ಅಯ್ನೋರು ಮೂಲೆಗೊಂದು ನಿಂಬೆಹಣ್ಣು ಕುಯ್ದು, ಕುಂಕುಮ ಹಚ್ಚಿ ಇಡ್ತಾರಲ್ಲ. ನಾಲ್ಕೇ ತಾನೆ ಇಡೋದು? ಮಿಕ್ಕ ನಾಲ್ಕು ಮೂಲೆ ಕತೆ?"

ನಂಜುಂಡ ಇಲ್ಲಿ 'ಗೊತ್ತಿಲ್ಲ' ಎನ್ನಬೇಕಿತ್ತು. ಆದರೆ ಈಗ ತಾನೇ ವಿದ್ವಾಂಸನಾದವನ ಬಾಯಲ್ಲಿ ಆ ಮಾತು ಬರುವುದಿಲ್ಲ. ಅವನು ಟೀ ಹೀರಿ, ಗಂಭೀರವಾಗಿ, "ಅದನ್ನೇ ನಾನೂ ಹೇಳ್ತಿರೋದು," ಎಂದ.

ಅವನು ಅದನ್ನು ಹೇಳಿರಲೇ ಇಲ್ಲ.

ಮಾರನೆಯ ದಿನ ಎಸ್ಟೇಟಿನಿಂದ ಬರುವಷ್ಟರಲ್ಲಿ ಊರಿನ ಕಷ್ಟಗಳಿಗೆಲ್ಲ ಕಾರಣ ಸಿಕ್ಕಿಬಿಟ್ಟಿತ್ತು. ಲಿಂಗಪ್ಪನ ಗ್ರೈಂಡರ್ ಪದೇ ಪದೇ ಕೆಡುವುದು ಮೇಲಿನ ನಾಲ್ಕು ಮೂಲೆಯಿಂದ. ಶಾಂತಮಲ್ಲಪ್ಪನ ಜೀಪು ಏರಿನಲ್ಲಿ ನಿಲ್ಲುವುದು ಅದರಿಂದಲೇ. ರಶ್ಮಿತಾಳನ್ನು ನೋಡಲು ಬಂದ ಗಂಡುಗಳು ಉಪ್ಪಿಟ್ಟು ತಿಂದು ಸುಮ್ಮನಾಗುವುದಂತೂ ಮತ್ತೆ ಹೇಳುವ ಹಾಗೇ ಇಲ್ಲ. ಇಷ್ಟು ವರ್ಷ ತಲೆಯ ಮೇಲೆ ಪೂಜೆ ಕಾಣದ ನಾಲ್ಕು ಮೂಲೆ ಇಟ್ಟುಕೊಂಡು ಬದುಕಿದ್ದೇ ದೊಡ್ಡದು ಎಂದು ಜನ ನಿಟ್ಟುಸಿರು ಬಿಟ್ಟರು.

ಆ ಸಂಜೆಯೇ ಶಾಂತಮಲ್ಲಪ್ಪ ಶೆಡ್ಡಿಗೆ ಬಂದ. "ರೈಟ್ರೇ, ನಂದು ನಿಮ್ಮಂಗೆ ತಾರಸಿ ಮೋಲ್ಡ್ ಮನೆ ಅಲ್ಲ, ಹಂಚಿಂದು. ನಂಗೂ ಎಂಟೇನಾ?"

ನಂಜುಂಡ ನೆಲದ ಮೇಲೆ ಕಡ್ಡಿಯಿಂದ ಹಂಚಿನ ಮನೆ ಬರೆದ. ನೆಲಕ್ಕೆ ನಾಲ್ಕು, ಗೋಡೆ ಮುಗಿಯುವಲ್ಲಿ ನಾಲ್ಕು, ನೆತ್ತಿಯಲ್ಲಿ ಮಾಡು ಕೂಡುವ ಕಡೆ ಈ ತುದಿಗೊಂದು, ಆ ತುದಿಗೊಂದು. ಎರಡು ಸಲ ಎಣಿಸಿದ. ಸುಳ್ಳು ಹೇಳುವ ಸ್ವಭಾವ ಅವನದಲ್ಲ. "ಹತ್ತು," ಎಂದ.

"ಹತ್ತಾ!" ಶಾಂತಮಲ್ಲಪ್ಪ ಕೂತುಬಿಟ್ಟ. "ಅದಕ್ಕೇ ಕಣೋ ಮಾರಾಯ, ಹಂಚಿನ ಮನೆಯೋರು ಉದ್ಧಾರ ಆಗದೆ ಇರೋದು!"

ಒಲೆಯ ಮುಂದೆ ಬಗ್ಗಿದ್ದ ಗಂಗಾಮಣಿ ತಿರುಗಿ ಕೂಡ ನೋಡಲಿಲ್ಲ. "ರೀ, ಅಡುಗೆಮನೆ ಕಿಟಕಿಗೆ ಚಿಲಕ ಹಾಕ್ಸಿ ಅಂದಿದ್ದೆ," ಎಂದಳು.

ಶುಕ್ರವಾರ ಪಂಚಾಯ್ತಿಯಲ್ಲಿ ವಿಷಯ ಬಂತು. ಮೇಲಿನ ಮೂಲೆಗಳ ಪೂಜೆಗೆ ಊರಿಗೊಂದು ಉದ್ದನೆಯ ಏಣಿ ಕೊಡಬೇಕೆಂದು ಜನ ಕೇಳಿದರು. ಪಂಚಾಯ್ತಿಯ ಅಧಿಕಾರಿ ಸುನಿಲ್‌ಕುಮಾರ್ ಬೆಳಿಗ್ಗೆಯಿಂದ ನೀರಿನ ಮೋಟರಿನ ಜಗಳ ಕೇಳಿ ಬಳಲಿದ್ದರು. ಅವರು ನಂಜುಂಡನಿಗೆ ಫೋನ್ ಮಾಡಿದರು.

"ರೈಟ್ರೇ, ಏಣೀನ ನಾನು ಯಾವ ಯೋಜನೇಲಿ ಹಾಕ್ಲಿ? ಕುಡಿಯೋ ನೀರಲ್ಲೋ, ನೈರ್ಮಲ್ಯದಲ್ಲೋ?"

"ಅದು ನಂಗೆ ಗೊತ್ತಿಲ್ಲ ಸಾರ್."

"ಗೊತ್ತಿಲ್ದೆ ಇದ್ದಿದ್ರೆ ಚೆನ್ನಾಗಿರೋದು." ಅಧಿಕಾರಿ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು: "ಅಂದ ಹಾಗೆ, ನಮ್ಮ ಸಮುದಾಯ ಭವನ ಎಲ್ ಆಕಾರದಲ್ಲಿ ಐತಲ್ಲ. ಅದಕ್ಕೆ ಎಷ್ಟು?"

ನಂಜುಂಡ ಎಣಿಸಿದ. "ಹನ್ನೆರಡು ಸಾರ್."

ಅಧಿಕಾರಿ ಹನ್ನೆರಡನ್ನು ಬರೆದುಕೊಂಡು ಫೋನ್ ಇಟ್ಟರು. ಉದ್ಘಾಟನೆಯಾದ ದಿನದಿಂದ ಆ ಭವನ ಸೋರುತ್ತಿತ್ತು.

ಶನಿವಾರ ರಶ್ಮಿತಾಳನ್ನು ನೋಡಲು ಸಕಲೇಶಪುರದಿಂದ ಗಂಡಿನ ಕಡೆಯವರು ಬಂದರು. ಶಾಂತಮಲ್ಲಪ್ಪ ಏಣಿಗಾಗಿ ಸರ್ಕಾರವನ್ನು ಕಾಯುವ ಮನುಷ್ಯನಲ್ಲ. ಮೆಣಸು ಕೊಯ್ಯುವ ಏಣಿ ಹತ್ತಿ ತಾನೇ ನಡುಮನೆಯ ಮೇಲಿನ ಮೂಲೆಗಳಿಗೆಲ್ಲ ಕುಂಕುಮ ಹಚ್ಚಿದ ನಿಂಬೆಹಣ್ಣಿನ ಹೋಳುಗಳನ್ನು ಟೇಪು ಹಾಕಿ ಅಂಟಿಸಿದ್ದ. ಮಾತುಕತೆ ಚೆನ್ನಾಗಿಯೇ ನಡೆಯಿತು. ಹುಡುಗನಿಗೆ ಹುಡುಗಿ ಒಪ್ಪಿಗೆಯಾದಂತಿತ್ತು. ಹುಡುಗನ ತಾಯಿ ಕೇಸರಿಬಾತಿನ ತಟ್ಟೆ ಕೈಗೆತ್ತಿಕೊಂಡರು. ಆಗ ಮೇಲಿನ ಈಶಾನ್ಯ ಮೂಲೆಯಿಂದ ಟೇಪು ಬಿಟ್ಟುಕೊಂಡು, ಕೆಂಪಗಿನ ಅರ್ಧ ನಿಂಬೆಹಣ್ಣು ನೇರ ಬಂದು ಕೇಸರಿಬಾತಿನ ನಡುವೆ ಕೂತಿತು.

ಆಕೆ ತಟ್ಟೆ ನೋಡಿದರು. ಆಕೆಯ ಗಂಡ ಮೇಲೆ ನೋಡಿದರು. ಅಲ್ಲಿ ಇನ್ನೂ ಐದು ಹೋಳುಗಳು ಕೆಂಪಗೆ ತೂಗುತ್ತಿದ್ದವು.

"ಮಾಟ!" ಎಂದರು ಅವರು, ಎದ್ದು ನಿಂತು. "ಗಂಡಿನ ಕಡೆಯೋರು ಬತ್ತಾರೆ ಅಂತ ಮಾಟ ಮಾಡ್ಸಿ ಕಟ್ಟವ್ರೆ! ಏಳ್ರೋ ಎಲ್ಲಾ!"

"ಮಾಟ ಅಲ್ಲ ಕಣ್ರೀ, ಗಣಿತ!" ಎಂದು ಶಾಂತಮಲ್ಲಪ್ಪ ಅವರ ಕಾರಿನ ಹಿಂದೆ ಗೇಟಿನವರೆಗೂ ಓಡಿದ. ಯಾರೂ ಗಾಜು ಇಳಿಸಲಿಲ್ಲ.

ಅದೇ ಸಂಜೆ ಶಿವಯ್ಯನವರಿಂದ ನಂಜುಂಡನಿಗೆ ಕರೆ ಬಂತು. ಸುತ್ತಲ ಊರುಗಳಿಗೆ ಪೂಜೆ ಮಾಡಿಸುವ ಅಯ್ಯನವರು ಅವರು. ವಯಸ್ಸಾಗಿದೆ, ಎರಡೂ ಮಂಡಿ ನೋವು. ಅವನು ಹೋದಾಗ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು, ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು.

"ಬಾಪ್ಪ ರೈಟ್ರೇ. ನಾನು ಇಷ್ಟು ಕಾಲ ಮಾಡ್ಸಿದ ಗೃಹಪ್ರವೇಶ ಎಲ್ಲಾ ಅರ್ಧಂಬರ್ಧ ಅಂತ ಊರಲ್ಲಿ ಹೇಳ್ಕಂಡು ತಿರುಗ್ತಿದೀಯಂತೆ."

"ಅಯ್ನೋರೇ, ಅದು ಬರೀ ಲೆಕ್ಕದ ಮಾತು..."

"ಬೆಳಗ್ಗೆಯಿಂದ ಜನ ಬಂದವ್ರೆ. ಮೇಲಿನ ಮೂಲೆಗೂ ಮಾಡ್ಸಿ ಅಂತ. ನನ್ನ ಮಂಡಿ ನೋಡಿದೀಯಾ? ನಾನು ಏಣಿ ಹತ್ತಿ ಬಿದ್ರೆ, ನನ್ನ ಎತ್ಕಂಡು ಹೋಗೋದಕ್ಕೂ ನಾಲ್ಕೇ ಜನ ಬೇಕಾಗೋದು, ಎಂಟಲ್ಲ." ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟರು. "ಸೋಮವಾರ ನಿನ್ನ ಹೊಸ್ತಿಲ ಮುಂದೆ ನಿಂತ್ಕಂಡು, ಎಲ್ಲರ ಎದುರಿಗೆ, ಮನೆಗೆ ನಾಲ್ಕೇ ಮೂಲೆ ಅನ್ನು. ನಾನು ಒಳಗೆ ಬತ್ತೀನಿ. ಇಲ್ದಿದ್ರೆ ನಿನ್ನ ಪೂಜೆ ನೀನೇ ಮಾಡ್ಕ."

ನಂಜುಂಡ ತಕ್ಷಣ ಒಪ್ಪಿಕೊಂಡ. ನಾಲ್ಕು ಎನ್ನುವುದರಲ್ಲಿ ಅವನಿಗೇನೂ ಕಷ್ಟವಿರಲಿಲ್ಲ. ಹಿಂದಿನ ವಾರದವರೆಗೂ ಅವನು ನಾಲ್ಕರವನೇ. ಹಗುರಾಗಿ ಶೆಡ್ಡಿಗೆ ಬಂದರೆ, ಬಾಗಿಲಲ್ಲಿ ಅತ್ತೆ ಭದ್ರಮ್ಮ ಕೂತಿದ್ದರು. ಕೆ. ಹೊಸಕೋಟೆಯಿಂದ ಬಸ್ಸಿನಲ್ಲಿ ಬಂದಿದ್ದರು. ಮಡಿಲಲ್ಲಿ ಒಂದು ಚೀಲ, ಚೀಲದಲ್ಲಿ ಎಂಟು ನಿಂಬೆಹಣ್ಣು.

"ಅಳಿಯಂದ್ರೇ, ನಮ್ಮೂರಲ್ಲೆಲ್ಲಾ ನಿಮ್ಮದೇ ಮಾತು," ಎಂದರು ಹೆಮ್ಮೆಯಿಂದ. "ಎಂಟೂ ಮೂಲೆಗೆ ಪೂಜೆ ಆಗ್ಬೇಕು. ಒಂದು ಬಿಟ್ರೂ ನಾನು ಒಳಗೆ ಕಾಲಿಡಲ್ಲ, ನನ್ನ ಮಗಳನ್ನೂ ಬಿಡಲ್ಲ."

ನಂಜುಂಡ ಕೈಕಾಲು ತೊಳೆಯುವ ನೆಪದಲ್ಲಿ ಮನೆಯ ಹಿಂದಕ್ಕೆ ಹೋಗಿ ಶ್ವೇತಾ ಮೇಡಂಗೆ ಫೋನ್ ಮಾಡಿದ.

"ಮೇಡಂ, ಆ ಎಂಟನ್ನ ಹೆಂಗಾದ್ರೂ ನಾಲ್ಕು ಮಾಡೋಕಾಯ್ತದಾ?"

"ಆಗಲ್ವಲ್ಲ ಸರ್. ನಾಲ್ಕೇ ಬೇಕು ಅಂದ್ರೆ ಮನೆ ತ್ರಿಕೋನ ಪಾದದ ಪಿರಮಿಡ್ ಆಗಬೇಕು. ನೆಲದಲ್ಲಿ ಮೂರು, ತುದೀಲಿ ಒಂದು."

ನಂಜುಂಡ ಹೊಸ ಮನೆಯ ಕಡೆ ನೋಡಿದ. ಗಾರೆಯವನ ಮುಖ ನೆನಪಿಗೆ ಬಂತು. "ಅದರೊಳಗೆ ನೆಟ್ಟಗೆ ನಿಂತ್ಕಂಡು ಅಡುಗೆ ಮಾಡೋಕಾಯ್ತದಾ ಮೇಡಂ?"

"ನಡುವೆ ನಿಲ್ಲಬಹುದು, ಪಕ್ಕಕ್ಕೆ ಹೋದ್ರೆ ಬಗ್ಗಬೇಕು." ಮೇಡಂ ಖುಷಿಯಾಗಿದ್ದರು. "ಸರ್, ನಿಮಗೆ ಎಷ್ಟು ಆಸಕ್ತಿ! ಸೋಮವಾರ ಬೆಳಿಗ್ಗೆ ಇಡೀ ತರಗತೀನ ನಿಮ್ಮ ಗೃಹಪ್ರವೇಶಕ್ಕೆ ಕರ್ಕೊಂಡು ಬರ್ತೀನಿ. ನಿಜವಾದ ಆಯತಘನದ ಒಳಗೇ ನಿಂತು ಪಾಠ ಮಾಡಬಹುದು."

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಗಗನಾ, "ಅಪ್ಪಾ, ನಮ್ಮ ಕ್ಲಾಸಿನೋರ ಮುಂದೆ ಇನ್ನೊಂದ್ಸಲ ನಾಲ್ಕು ಅಂದ್ರೆ ನಾನು ಸ್ಕೂಲಿಗೇ ಹೋಗಲ್ಲ," ಎಂದು ಹೇಳಿ ಒಳಗೆ ಹೋದಳು.

ನಂಜುಂಡ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ. "ನಾನೇನು ಹೇಳ್ಲೇ ಈಗ?"

ಗಂಗಾಮಣಿ ಸೊಂಟ ಹಿಡಿದುಕೊಂಡು ಅನ್ನ ಬಡಿಸಿದಳು. "ಎಷ್ಟಾದ್ರೂ ಹೇಳ್ಕಳಿ. ಹಾಲು ಉಕ್ಕಬೇಕು, ಅಷ್ಟೆ." ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯಿಂದಲೋ, ಸುಸ್ತಿನಿಂದಲೋ, ಅವನಿಗೆ ಕೇಳುವ ಧೈರ್ಯವಾಗಲಿಲ್ಲ. ಮೊದಲ ಸಲ ಅವನಿಗೆ ತನ್ನ ನಾಲಗೆಯ ಮೇಲೆ ನಿಜವಾಗಿ ಬೇಜಾರಾಯಿತು.

ಸೋಮವಾರ ಬೆಳಿಗ್ಗೆ ಹೊಸ್ತಿಲ ಮುಂದೆ ಊರೇ ಸೇರಿತು. ಅಷ್ಟು ಜನ ನಂಜುಂಡನ ಮದುವೆಗೂ ಸೇರಿರಲಿಲ್ಲ. ಒಂದು ಕಡೆ ಶಿವಯ್ಯನವರು, ಕೈಯಲ್ಲಿ ತಮ್ಮ ನಾಲ್ಕು ನಿಂಬೆಹಣ್ಣು. ಇನ್ನೊಂದು ಕಡೆ ಭದ್ರಮ್ಮ, ಎಂಟರ ಚೀಲ. ಮಧ್ಯೆ ಸಾಲಾಗಿ ಆರನೇ ತರಗತಿ. ಹಿಂದೆ ಶಾಂತಮಲ್ಲಪ್ಪ, ಯಾರು ಗೆದ್ದರೂ ಆಮೇಲೆ ಜಗಳವಾಡಲು ಸಿದ್ಧನಾಗಿ.

"ಹೇಳಪ್ಪ, ಎಷ್ಟು ಮೂಲೆ?" ಎಂದರು ಶಿವಯ್ಯನವರು. "ಮುಹೂರ್ತ ಮೀರ್ತದೆ."

ನಂಜುಂಡ ಅಯ್ಯನವರನ್ನು ನೋಡಿದ, ಅತ್ತೆಯನ್ನು ನೋಡಿದ, ಮಗಳನ್ನು ನೋಡಿದ. ಅವನ ತಲೆ ಖಾಲಿಯಾಗಿತ್ತು. ಕಾಫಿ ವ್ಯಾಪಾರದಲ್ಲಿ ಕೊಡುವವನೂ ಕೊಳ್ಳುವವನೂ ಜಗ್ಗಾಡಿ ಕೊನೆಗೆ ನಡುವಿಗೆ ಬಂದು ಕೈ ಕುಲುಕುವುದನ್ನು ಅವನು ಎಷ್ಟೋ ಸಲ ಕಂಡಿದ್ದ.

"ಆರು ಅಂತ ಮುಗಿಸ್ಬುಡನ," ಎಂದ.

"ಆರು ಮುಖ ಅಂಕಲ್! ಶೃಂಗ ಎಂಟು!" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಶ್ವೇತಾ ಮೇಡಂ ಕಣ್ಣಲ್ಲಿ ಹೆಮ್ಮೆ ತುಂಬಿಕೊಂಡಿತು.

ಆದರೆ ಹಿರಿಯರು ಆರನ್ನು ಯೋಚಿಸತೊಡಗಿದರು. ಅವರಿಗೂ ನಿಂತು ನಿಂತು ಸಾಕಾಗಿತ್ತು.

"ಕೆಳಗಿನ ನಾಲ್ಕು, ಮೇಲಿಂದು ಎರಡು ಅಂತಲಾ?" ಎಂದರು ಭದ್ರಮ್ಮ. "ಯಾವ ಎರಡು?"

"ಹತ್ತೋರು ಯಾರು ಅಂತ ಮೊದಲು ಹೇಳು ತಾಯಿ," ಎಂದರು ಶಿವಯ್ಯನವರು.

"ಈಶಾನ್ಯ ಬಿಡೋ ಹಂಗಿಲ್ಲ," ಎಂದರು ಭದ್ರಮ್ಮ.

"ನಮ್ಮನೇಲಿ ಬಿದ್ದಿದ್ದೂ ಈಶಾನ್ಯದ್ದೇ!" ಎಂದ ಶಾಂತಮಲ್ಲಪ್ಪ ಹಿಂದಿನಿಂದ.

ಯಾವ ಎರಡು ಎಂಬುದರ ಮೇಲೆ ಊರು ಎರಡಾಯಿತು, ಆಮೇಲೆ ಮೂರಾಯಿತು. ಶಿವಯ್ಯನವರು ಮಂಡಿ ನೋವಿಗೆ ಮೆಟ್ಟಿಲ ಮೇಲೆ ಕೂತರು. ಭದ್ರಮ್ಮನೂ ಪಕ್ಕದಲ್ಲಿ ಕೂತರು. ನಂಜುಂಡನಿಗೂ ಕೂರಬೇಕೆನಿಸಿತು, ಜಾಗವಿರಲಿಲ್ಲ. ಮುಹೂರ್ತ ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು.

ಆಗ ಒಳಗಿನಿಂದ ಹಾಲು ಸೀದ ವಾಸನೆ ಬಂತು.

ಎಲ್ಲರೂ ಒಟ್ಟಿಗೆ ಒಳಗೆ ನುಗ್ಗಿದರು. ಯಾರು ಯಾವ ಕಾಲು ಮೊದಲು ಇಟ್ಟರು ಎಂಬುದನ್ನು ನೋಡುವವರೇ ಇರಲಿಲ್ಲ. ಅಡುಗೆಮನೆಯಲ್ಲಿ ಗಂಗಾಮಣಿ ಒಲೆಯ ಮುಂದೆ ನಿಂತಿದ್ದಳು. ಜಗಳ ಶುರುವಾದಾಗಲೇ ಅವಳು ಪಾತ್ರೆ ಎತ್ತಿಕೊಂಡು ಹಿಂಬಾಗಿಲಿಂದ ಒಳಗೆ ಬಂದಿದ್ದಳು. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಅವಳು ಅದನ್ನು ಒರೆಸುವ ಅವಸರದಲ್ಲಿರಲಿಲ್ಲ. ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಸುಮ್ಮನೆ ನಿಂತಿದ್ದಳು. ಅವಳು ತನ್ನಷ್ಟೇ ಎತ್ತರದವಳು ಎಂಬುದು ನಂಜುಂಡನಿಗೆ ಎರಡು ವರ್ಷದಿಂದ ಮರೆತೇಹೋಗಿತ್ತು.

ಶಿವಯ್ಯನವರು ಹಾಲು ಹರಿದ ದಿಕ್ಕು ನೋಡಿದರು. "ಪೂರ್ವಕ್ಕೇ ಉಕ್ಕೈತೆ. ಶುಭವಾಗ್ತದೆ," ಎಂದರು. ಅವರ ದನಿಯಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ.

"ಅವ್ವ, ಆ ಚೀಲ ಕೊಡಿಲ್ಲಿ," ಎಂದಳು ಗಂಗಾಮಣಿ. "ಮಕ್ಳು ಆಗ್ಲಿಂದ ಬಿಸಿಲಲ್ಲಿ ನಿಂತಿದ್ರು. ಶರಬತ್ತು ಮಾಡ್ತೀನಿ. ಅಯ್ನೋರೇ, ನೀವು ಪೂಜೆ ಮುಗಿಸಿ ಬನ್ನಿ. ಕಾಫಿಗೆ ನೀರು ಇಟ್ಟಿದೀನಿ."

ಆ ಮನೆಯಲ್ಲಿ ಅವಳು ಹೇಳಿದ ಮೊದಲ ಮಾತುಗಳು ಇವು. ಯಾರೂ ಎದುರಾಡಲಿಲ್ಲ. ಶಿವಯ್ಯನವರು ಕೆಳಗಿನ ನಾಲ್ಕು ಮೂಲೆಗೆ ತಮ್ಮ ನಾಲ್ಕು ನಿಂಬೆಹಣ್ಣು ಇಟ್ಟರು. ಕೊನೆಗೆ ಯಾರೂ ನೋಡುತ್ತಿಲ್ಲವೆಂದುಕೊಂಡು, ಒಂದು ಹಿಡಿ ಅಕ್ಷತೆಯನ್ನು ಮೇಲಕ್ಕೂ ಎಸೆದರು. ಭದ್ರಮ್ಮ ನೋಡಿದರು, ನೋಡದವರಂತೆ ತಲೆಯ ಮೇಲೆ ಬಿದ್ದ ಅಕ್ಕಿ ಕೊಡವಿಕೊಂಡರು. ಮೇಡಂ ನಡುಮನೆಯಲ್ಲಿ ಪಾಠ ಶುರು ಮಾಡಿದರು. ಶಾಂತಮಲ್ಲಪ್ಪ ಎರಡು ಲೋಟ ಶರಬತ್ತು ಕುಡಿದು, ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡ.

ಜನ ಕರಗಿದ ಮೇಲೆ ನಂಜುಂಡ ತನ್ನ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದ. ಒಂದು ಮೂಲೆಯಲ್ಲಿ ಒಲೆ ಇತ್ತು. ಇನ್ನೊಂದರಲ್ಲಿ ಅಕ್ಕಿ ಮೂಟೆ ಬಂದು ಕೂತಿತ್ತು. ಮೂರನೆಯದರಲ್ಲಿ ಭದ್ರಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ನಾಲ್ಕನೆಯದರಲ್ಲಿ ಗಂಗಾಮಣಿ ಕಾಲು ಚಾಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಅವನು ನಡುವೆ ನಿಂತು ಸುತ್ತಲೂ ನೋಡಿದ.

"ನಾನೆಲ್ಲೇ ಕೂತ್ಕಳ್ಲಿ?"

ಗಂಗಾಮಣಿ ಕಣ್ಣು ತೆರೆಯಲಿಲ್ಲ.

"ಮೇಲೆ ನಾಲ್ಕು ಖಾಲಿ ಅವಲ್ಲ," ಎಂದಳು. "ನೀವೇ ಕಂಡುಹಿಡಿದಿದ್ದು."